ಡ್ರಾಕುಲನ ಗೋರಿ ಹುಡುಕುತ್ತ ದಾರಿ ತಪ್ಪಿದ ಕಾದಂಬರಿ



ಚರಿತ್ರೆಯಲ್ಲಿ ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು, ಪತ್ತೇದಾರಿ ಕಥೆಯ ಹಾಗೆ ಬಿಡಿಸುತ್ತ ಹೋಗುವ ಕಾದಂಬರಿಗಳಿಗೆ ಕನ್ನಡದಲ್ಲಿ ಇವತ್ತು ದೊಡ್ಡ ಓದುಗ ಬಳಗವಿದೆ. ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಓದಿದ ಮೇಲೆ, ಹೊಯ್ಸಳ ಗುಡಿಯ ಶಿಲ್ಪದ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂದು ಬಗ್ಗಿ ನೋಡಿದವರಿದ್ದಾರೆ. ‘ಕರಿಸಿರಿಯಾನ’ ಓದಿ, ವಿಜಯನಗರದ ಸಂಪತ್ತು ಎತ್ತ ಹೋಯಿತೆಂದು ತಲೆ ಕೆಡಿಸಿಕೊಂಡವರೂ ಇದ್ದಾರೆ. ಈ ರುಚಿ ಹತ್ತಿದವರು ಇಂಗ್ಲಿಷಿನಲ್ಲಿ ಇದೇ ಬಗೆಯ ಪುಸ್ತಕ ಹುಡುಕತೊಡಗಿದರೆ, ಯಾರಾದರೊಬ್ಬರು ಎಲಿಜಬೆತ್ ಕೊಸ್ಟೋವಾ ಅವರ ‘ದಿ ಹಿಸ್ಟೋರಿಯನ್’ ಹೆಸರನ್ನು ಹೇಳಿಯೇ ಹೇಳುತ್ತಾರೆ.

ನನ್ನ ಇಂದಿನ ಮಾತು ಆ ಕಾದಂಬರಿಯ ಬಗ್ಗೆ. ನನಗೆ ಅದು ನಿರಾಸೆ ತಂದಿತು. ಆ ನಿರಾಸೆಯ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಒಂದು ಪುಸ್ತಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಇತಿಹಾಸವನ್ನು ರಹಸ್ಯ ಕಥೆಯಾಗಿ ಬರೆಯಹೊರಟ ಎಲ್ಲರೂ ಎದುರಿಸಬೇಕಾದ ಪ್ರಶ್ನೆ ಅದರಲ್ಲಿದೆ. ಮಾತಿನ ನಡುವೆ ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಓದಬೇಕೆಂದಿರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

‘ದಿ ಹಿಸ್ಟೋರಿಯನ್’ ಪ್ರಕಟವಾದದ್ದು 2005ರಲ್ಲಿ. ಕೊಸ್ಟೋವಾ ಅಮೆರಿಕದವರು, ಇದು ಅವರ ಮೊದಲ ಕಾದಂಬರಿ. ಇದನ್ನು ಬರೆಯಲು ಅವರು ಹತ್ತು ವರ್ಷ ತೆಗೆದುಕೊಂಡರು. ಬಾಲ್ಯದಲ್ಲಿ ಯುರೋಪಿನಲ್ಲಿದ್ದಾಗ ತಂದೆ ಹೇಳುತ್ತಿದ್ದ ಡ್ರಾಕುಲನ ಕಥೆಗಳು ಈ ಕಾದಂಬರಿಯ ಮೂಲ. ಮುಂದೆ ಬಲ್ಗೇರಿಯಕ್ಕೆ ಹೋಗಿ, ಅಲ್ಲಿಯವರನ್ನೇ ಮದುವೆಯಾದ ಲೇಖಕಿಗೆ ಬಾಲ್ಕನ್ ನೆಲದ ಹಾಡು, ಮಠ, ಹಳ್ಳಿಗಳ ಪರಿಚಯ ಚೆನ್ನಾಗಿತ್ತು. ಆ ಹೊತ್ತಿಗೆ ‘ಡಾವಿಂಚಿ ಕೋಡ್’ ಬಂದು ಎರಡು ವರ್ಷವಾಗಿತ್ತು. ಅದರ ಮುಂದಿನ ದೊಡ್ಡ ಪುಸ್ತಕ ಯಾವುದೆಂದು ಪ್ರಕಾಶಕರು ಕಾಯುತ್ತಿದ್ದರು. ಈ ಹಸ್ತಪ್ರತಿಗೆ 20 ಲಕ್ಷ ಡಾಲರ್ ಮುಂಗಡ ಸಿಕ್ಕಿತು. ಮೊದಲ ಕಾದಂಬರಿಯೊಂದು ಬಂದ ವಾರವೇ ‘ನ್ಯೂಯಾರ್ಕ್ ಟೈಮ್ಸ್’ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ್ದು ಅದೇ ಮೊದಲು. ಇಷ್ಟೆಲ್ಲ ನಿರೀಕ್ಷೆ ಹೊತ್ತು ಬಂದ, 600 ಪುಟ ಮೀರಿದ ಪುಸ್ತಕ ಇದು.

ಕಥೆ ಶುರುವಾಗುವುದು 1972ರ ಆಮ್‌ಸ್ಟರ್‌ಡ್ಯಾಂನಲ್ಲಿ. ಹದಿನಾರು ವರ್ಷದ ಹುಡುಗಿ ಒಂದು ರಾತ್ರಿ ತಂದೆಯ ಪುಸ್ತಕದ ಕಪಾಟಿಗೆ ಕೈ ಹಾಕುತ್ತಾಳೆ. ಅದರ ಮೇಲಿನ ಸಾಲಿನಲ್ಲಿ ಹಳದಿಗಟ್ಟಿದ ಪತ್ರಗಳ ಕಟ್ಟು, ಅದರ ಜೊತೆಗೊಂದು ಬಹಳ ಹಳೆಯ ಪುಸ್ತಕ. ಪುಟ ತಿರುವಿದರೆ ಎಲ್ಲವೂ ಖಾಲಿ. ನಟ್ಟನಡುವಿನ ಎರಡು ಪುಟಗಳಲ್ಲಿ ಮಾತ್ರ ಮರದಚ್ಚಿನ ಒಂದು ಚಿತ್ರ: ರೆಕ್ಕೆ ಹರಡಿ, ಬಾಲ ಸುತ್ತಿಕೊಂಡ ಘಟಸರ್ಪ. ಅದರ ಜೊತೆಗೆ ಒಂದೇ ಒಂದು ಹೆಸರು: ಡ್ರಾಕುಲ. ಪುಸ್ತಕವನ್ನು ಎಲ್ಲಿಂದ ತೆರೆದರೂ ಅದು ಆ ಪುಟಕ್ಕೇ ಬಂದು ನಿಲ್ಲುತ್ತದೆ. ಮಗಳು ಕೇಳಿದಾಗ ತಂದೆಯ ಮುಖ ಬಿಳುಚಿಕೊಳ್ಳುತ್ತದೆ. ಆತ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಲಾರ. ಊರಿಂದ ಊರಿಗೆ ಅವಳನ್ನು ಕರೆದೊಯ್ಯುತ್ತ ತುಂಡು ತುಂಡಾಗಿ ಹೇಳುತ್ತಾನೆ.

ಆ ತಂದೆ ಪಾಲ್. 1954ರ ಹೊತ್ತಿಗೆ ಅಮೆರಿಕದಲ್ಲಿ ಸಂಶೋಧನ ವಿದ್ಯಾರ್ಥಿ. ಗ್ರಂಥಾಲಯದಲ್ಲಿ ಅವನು ಓದುವ ಮೇಜಿನ ಮೇಲೆ ಯಾರೋ ಈ ಖಾಲಿ ಪುಸ್ತಕವನ್ನು ಇಟ್ಟು ಹೋಗಿರುತ್ತಾರೆ. ತನ್ನ ಮಾರ್ಗದರ್ಶಕ, ಪ್ರೊಫೆಸರ್ ರೊಸ್ಸಿ ಅವರಿಗೆ ತೋರಿಸಿದರೆ, ಅವರ ಬಳಿಯೂ ಅಂಥದೇ ಒಂದು ಇದೆ. 1930ರಲ್ಲಿ ಅದರ ಬೆನ್ನು ಹತ್ತಿ ಇಸ್ತಾಂಬುಲ್‌ವರೆಗೆ ಹೋಗಿ, ಹೆದರಿ, ಎಲ್ಲವನ್ನೂ ಕೈಬಿಟ್ಟವರು ಅವರು. ತಮ್ಮ ಕಾಗದ ಪತ್ರಗಳನ್ನು ಪಾಲ್‌ನ ಕೈಗಿತ್ತ ಅದೇ ರಾತ್ರಿ ಅವರು ಕಾಣೆಯಾಗುತ್ತಾರೆ. ಕೋಣೆಯ ಮೇಜಿನ ಮೇಲೆ ರಕ್ತದ ಕಲೆ ಉಳಿದಿರುತ್ತದೆ. ಹೀಗೆ 1930, 1954, 1972 ಎಂಬ ಮೂರು ಕಾಲಗಳಲ್ಲಿ ಮೂರು ಹುಡುಕಾಟ. ಮೂವರಿಗೂ ಪ್ರಶ್ನೆ ಒಂದೇ: ಡ್ರಾಕುಲನ ಗೋರಿ ಎಲ್ಲಿದೆ? ಅವನು ಸತ್ತಿದ್ದಾನೆಯೆ?

ಈ ಆರಂಭ ನಿಜಕ್ಕೂ ಅದ್ಭುತವಾಗಿದೆ. ಓದು ಬರಹದಲ್ಲೇ ಬದುಕು ಕಳೆಯುವವರ ಭಯ ಎಂಥದೆಂದು ಲೇಖಕಿ ಚೆನ್ನಾಗಿ ಬಲ್ಲರು. ಗ್ರಂಥಾಲಯದ ಕಾರ್ಡುಗಳ ಡ್ರಾಯರ್ ಎಳೆದಾಗ ಬೇಕಾದ ಕಾರ್ಡೇ ಇಲ್ಲದಿರುವುದು, ಹಿಂದಿನ ದಿನ ಇದ್ದ ದಾಖಲೆ ಮರುದಿನ ಇಲ್ಲವಾಗುವುದು, ತಾನು ಓದುತ್ತಿರುವುದನ್ನು ಇನ್ನಾರೋ ಗಮನಿಸುತ್ತಿದ್ದಾರೆ ಎನಿಸುವುದು: ಈ ಸಣ್ಣ ಸಂಗತಿಗಳಲ್ಲಿ ಹುಟ್ಟುವ ಭಯ ಕೋರೆಹಲ್ಲಿನ ಭಯಕ್ಕಿಂತ ಆಳವಾದದ್ದು. ಮೊದಲ ನೂರು ನೂರೈವತ್ತು ಪುಟಗಳನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಅಷ್ಟೇ ಅಲ್ಲ, ಕೊಸ್ಟೋವಾ ಆರಿಸಿಕೊಂಡ ಚರಿತ್ರೆಯೂ ಬಲವಾದದ್ದು. ಡ್ರಾಕುಲ ಎಂದೊಡನೆ ನಮಗೆ ನೆನಪಾಗುವುದು 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಕಾದಂಬರಿಯ ರಕ್ತ ಹೀರುವ ಕೌಂಟ್. ಆದರೆ ಆ ಹೆಸರಿನ ಮನುಷ್ಯ ನಿಜವಾಗಿ ಇದ್ದ. ಈಗಿನ ರೊಮೇನಿಯದ ದಕ್ಷಿಣ ಭಾಗವಾದ ವಲಾಕಿಯಾದ ದೊರೆ ಮೂರನೆಯ ವ್ಲಾದ್. ಹುಟ್ಟಿದ್ದು 1431ರ ಸುಮಾರಿಗೆ. ಎಳೆಯ ವಯಸ್ಸಿನಲ್ಲೇ, 1442ರಲ್ಲಿ, ತಂದೆ ತನ್ನ ನಿಷ್ಠೆಯ ಒತ್ತೆಯಾಗಿ ಇವನನ್ನೂ ತಮ್ಮ ರಾದುವನ್ನೂ ಆಟೊಮನ್ ಸುಲ್ತಾನನ ವಶಕ್ಕೆ ಕೊಟ್ಟ. ಮುಂದೆ ದೊರೆಯಾದ ವ್ಲಾದ್ ಶತ್ರುಗಳನ್ನು ಶೂಲಕ್ಕೇರಿಸುವುದರಲ್ಲಿ ಕುಖ್ಯಾತನಾದ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ ಎರಡನೆಯ ಮೆಹಮದ್, 1462ರಲ್ಲಿ ಇವನ ಮೇಲೆ ದಂಡೆತ್ತಿ ಬಂದಾಗ, ರಾಜಧಾನಿಯ ಬಳಿ ಶೂಲಕ್ಕೇರಿಸಿದ ಹೆಣಗಳ ತೋಪನ್ನೇ ಕಂಡನಂತೆ. ಗ್ರೀಕ್ ಚರಿತ್ರೆಕಾರ ಚಾಲ್ಕೊಕಾಂಡಿಲಿಸ್ ಅಲ್ಲಿದ್ದವರ ಸಂಖ್ಯೆಯನ್ನು 20,000 ಎಂದು ಬರೆದಿದ್ದಾನೆ.

1476ರ ಕೊನೆ ಅಥವಾ 1477ರ ಮೊದಲಲ್ಲಿ ವ್ಲಾದ್ ಯುದ್ಧದಲ್ಲಿ ಸತ್ತ. ತಲೆಯನ್ನು ಕಡಿದು ಸುಲ್ತಾನನಿಗೆ ಕಳಿಸಿದರು ಎನ್ನುತ್ತದೆ ಚರಿತ್ರೆ. ಮುಂಡ ಎಲ್ಲಿ? ಬುಕಾರೆಸ್ಟ್ ನಗರದ ಉತ್ತರಕ್ಕೆ ಸ್ನಾಗೊವ್ ಎಂಬ ಸರೋವರವಿದೆ, ಅದರ ನಡುವಿನ ದ್ವೀಪದಲ್ಲಿ ಒಂದು ಮಠ. ಅಲ್ಲಿ ಹೂಳಿದರು ಎಂಬುದು ತಲೆಮಾರುಗಳ ನಂಬಿಕೆ. 1930ರ ದಶಕದ ಮೊದಲಲ್ಲಿ ಪುರಾತತ್ವಜ್ಞ ದಿನು ರೊಸೆಟ್ಟಿ ಮತ್ತು ಸಂಗಡಿಗರು ಅಲ್ಲಿ ಉತ್ಖನನ ನಡೆಸಿದರು. ದೊರೆಯ ಗೋರಿಯೆಂದು ತೋರಿಸುತ್ತಿದ್ದ ಚಪ್ಪಡಿಯನ್ನು ಎತ್ತಿದರೆ ಕೆಳಗೆ ಮನುಷ್ಯನ ದೇಹವಿರಲಿಲ್ಲ, ಪ್ರಾಣಿಗಳ ಮೂಳೆಗಳಿದ್ದವು. ಇದು ಕಾದಂಬರಿಕಾರರು ಕಲ್ಪಿಸಿದ ರಹಸ್ಯವಲ್ಲ, ಚರಿತ್ರೆಯೇ ಬಿಟ್ಟುಹೋದ ರಹಸ್ಯ. ಇಂಥ ವಸ್ತು ಸಿಕ್ಕ ಲೇಖಕಿ ಭಾಗ್ಯವಂತೆ. ಹಾಗಿದ್ದೂ ಕಾದಂಬರಿ ಸೋತದ್ದು ಏಕೆ?

ಓದಿದವರನ್ನು ಕೇಳಿದರೆ ಬರುವ ಉತ್ತರ ಒಂದೇ: ‘ತುಂಬಾ ನಿಧಾನ.’ ನಿಧಾನ ಹೌದು. ಆದರೆ ನಿಧಾನವೇ ದೋಷವೆಂದು ನಾನು ಒಪ್ಪಲಾರೆ. ಚರಿತ್ರೆಯ ಹುಡುಕಾಟ ಸ್ವಭಾವದಿಂದಲೇ ನಿಧಾನವಾದದ್ದು. ಹಾಳೆ ಹಾಳೆ ತಿರುವಿ, ಒಂದು ತೇದಿಯನ್ನು ಇನ್ನೊಂದಕ್ಕೆ ತಾಳೆ ಹಾಕಿ, ತಿಂಗಳುಗಟ್ಟಲೆ ಕಾದು ನಡೆಯುವ ಕೆಲಸ ಅದು. ಅದನ್ನು ಓಡಿಸಿದರೆ ಸುಳ್ಳಾಗುತ್ತದೆ.

ಜೋಸೆಫಿನ್ ಟೇ ಅವರ ‘ದಿ ಡಾಟರ್ ಆಫ್ ಟೈಮ್’ ಎಂಬ ಕಾದಂಬರಿಯನ್ನು ನೋಡಿ. ಬಂದದ್ದು 1951ರಲ್ಲಿ. ಅದರ ನಾಯಕ ಅಲನ್ ಗ್ರಾಂಟ್ ಪೊಲೀಸ್ ಇನ್‌ಸ್ಪೆಕ್ಟರ್. ಕಾಲು ಮುರಿದುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಅಂಗಾತ ಮಲಗಿದ್ದಾನೆ. ಪುಸ್ತಕ ಮುಗಿಯುವ ತನಕ ಅವನು ಆ ಕೋಣೆ ಬಿಟ್ಟು ಕದಲುವುದಿಲ್ಲ. ಇದಕ್ಕಿಂತ ನಿಧಾನ ಬೇಕೆ? ಅವನ ಕೈಗೆ ಮೂರನೆಯ ರಿಚರ್ಡ್ ದೊರೆಯ ಭಾವಚಿತ್ರವೊಂದು ಬರುತ್ತದೆ. ತನ್ನ ಅಣ್ಣನ ಇಬ್ಬರು ಮಕ್ಕಳನ್ನು ಕೊಲ್ಲಿಸಿದನೆಂದು ಇಂಗ್ಲೆಂಡಿನ ಶಾಲಾ ಮಕ್ಕಳೆಲ್ಲ ಓದಿದ ದೊರೆ. ಈ ಮುಖ ಕೊಲೆಗಾರನದಲ್ಲ ಎಂದು ಪೊಲೀಸ್ ಕಣ್ಣಿಗೆ ಅನಿಸುತ್ತದೆ. ಅಲ್ಲಿಂದ ಪುಸ್ತಕ ತರಿಸಿ ತರಿಸಿ ಓದುತ್ತಾನೆ. ರಿಚರ್ಡ್‌ನನ್ನು ದೂರಿ ಬರೆದ ಥಾಮಸ್ ಮೋರ್ ಆ ಕಾಲದಲ್ಲಿ ಇನ್ನೂ ಚಿಕ್ಕ ಹುಡುಗ, ಕಣ್ಣಾರೆ ಕಂಡವನೇ ಅಲ್ಲ ಎಂಬುದು ಹೊಳೆದ ಕ್ಷಣದಲ್ಲಿ ಓದುವವರ ಎದೆಯೂ ಜಿಗಿಯುತ್ತದೆ. ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘ 1990ರಲ್ಲಿ ಎಲ್ಲ ಕಾಲದ ನೂರು ಉತ್ತಮ ಅಪರಾಧ ಕಾದಂಬರಿಗಳನ್ನು ಪಟ್ಟಿ ಮಾಡಿದಾಗ ಈ ಪುಸ್ತಕವನ್ನೇ ಮೊದಲ ಸ್ಥಾನದಲ್ಲಿಟ್ಟಿತು.

ಇನ್ನೊಂದು ಉದಾಹರಣೆ ಉಂಬರ್ಟೊ ಇಕೋ ಅವರ ‘ದಿ ನೇಮ್ ಆಫ್ ದ ರೋಸ್’. 1980ರ ಇಟಾಲಿಯನ್ ಕಾದಂಬರಿ. 1327ರ ಒಂದು ಮಠದಲ್ಲಿ ಏಳು ದಿನ ನಡೆಯುವ ಕೊಲೆಗಳು. ಮೊದಲ ನೂರು ಪುಟಗಳು ಭಾರವಾಗಿವೆ, ಕತ್ತರಿಸಿ ಎಂದು ಗೆಳೆಯರೂ ಸಂಪಾದಕರೂ ಹೇಳಿದಾಗ ಇಕೋ ಒಪ್ಪಲಿಲ್ಲ. ಆ ಮಠವನ್ನು ಹೊಕ್ಕು ಏಳು ದಿನ ಇರಬೇಕೆನ್ನುವವರು ಮಠದ ನಡಿಗೆಗೆ ಹೊಂದಿಕೊಳ್ಳಲೇಬೇಕು ಎಂಬುದು ಅವರ ನಿಲುವು. ಅವರ ನಿಲುವೇ ಸರಿ. ಏಕೆಂದರೆ ಅಲ್ಲಿ ಪ್ರತಿ ಪ್ರಾರ್ಥನೆಯ ಹೊತ್ತಿಗೂ ನಮ್ಮ ಅನುಮಾನ ಒಬ್ಬರಿಂದ ಇನ್ನೊಬ್ಬರಿಗೆ ಸರಿಯುತ್ತದೆ. ನಿನ್ನೆ ಸುಳುಹು ಅಂದುಕೊಂಡದ್ದು ಇವತ್ತು ಸುಳ್ಳಾಗುತ್ತದೆ. ಪುಟ ಉರುಳಿದಂತೆ ನಮ್ಮ ತಿಳಿವಳಿಕೆ ಬದಲಾಗುತ್ತಲೇ ಇರುತ್ತದೆ.

ಹಾಗಾಗಿ ಅಳತೆಗೋಲು ವೇಗವಲ್ಲ. ಒಂದು ಅಧ್ಯಾಯ ಓದುವ ಮುಂಚೆ ನಾನು ನಂಬಿದ್ದೇನು, ಓದಿದ ಮೇಲೆ ನಂಬುವುದೇನು? ಇವೆರಡರ ನಡುವೆ ವ್ಯತ್ಯಾಸವಿದ್ದರೆ ಕಥೆ ನಡೆದಿದೆ, ನಾಯಕ ಹಾಸಿಗೆಯಲ್ಲಿ ಮಲಗಿದ್ದರೂ ಸರಿ. ವ್ಯತ್ಯಾಸವಿಲ್ಲದಿದ್ದರೆ ಕಥೆ ನಿಂತಿದೆ, ನಾಯಕ ರೈಲು, ಹಡಗು, ವಿಮಾನ ಹತ್ತಿ ಅರ್ಧ ಯುರೋಪ್ ಸುತ್ತಿದರೂ ಸರಿ. ‘ದಿ ಹಿಸ್ಟೋರಿಯನ್’ ಸೋಲುವುದು ಈ ಪರೀಕ್ಷೆಯಲ್ಲಿ.

ಇಸ್ತಾಂಬುಲ್‌ನ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಕಾಣೆಯಾದ ರೊಸ್ಸಿಯವರನ್ನು ಹುಡುಕುತ್ತ ಪಾಲ್ ಅಲ್ಲಿಗೆ ಬಂದಿದ್ದಾನೆ. ಜೊತೆಗೆ ಹೆಲೆನ್. ಅವಳು ರೊಸ್ಸಿಯವರ ಮಗಳು. ತಂದೆ ತನ್ನನ್ನು ಗುರುತಿಸಲೇ ಇಲ್ಲವೆಂಬ ಸಿಟ್ಟಿನಿಂದ ಅವರ ವಿಷಯದಲ್ಲೇ ಅವರನ್ನು ಮೀರಿಸಬೇಕೆಂದು ಹೊರಟವಳು. ಇಬ್ಬರೂ ಮೊದಲ ಬಾರಿಗೆ ಆ ಊರಿಗೆ ಕಾಲಿಟ್ಟವರು. ಊಟಕ್ಕೆಂದು ಒಂದು ಹೋಟೆಲಿಗೆ ಹೋಗುತ್ತಾರೆ. ಪಕ್ಕದ ಮೇಜಿನಲ್ಲಿ ಕುಳಿತವರು ತಾವಾಗಿಯೇ ಮಾತಿಗೆ ಎಳೆಯುತ್ತಾರೆ. ಅವರು ಪ್ರೊಫೆಸರ್ ತುರ್ಗುತ್ ಬೋರಾ. ಪಾಠ ಹೇಳುವುದು ಇಂಗ್ಲಿಷ್ ಸಾಹಿತ್ಯ, ಆದರೆ ಬಿಡುವಿನ ವೇಳೆಯಲ್ಲೆಲ್ಲ ಹುಡುಕುತ್ತಿರುವುದು ಡ್ರಾಕುಲನನ್ನು! ಪಾಲ್ ನೋಡಬೇಕೆಂದಿದ್ದ ಸುಲ್ತಾನ ಮೆಹಮದನ ದಾಖಲೆ ಸಂಗ್ರಹ ಎಲ್ಲಿದೆಯೆಂದು ಅವರಿಗೆ ಗೊತ್ತು. ಅಲ್ಲಿಗೆ ಕರೆದೊಯ್ಯಬಲ್ಲರು. ಇಷ್ಟು ಸಾಲದೆಂಬಂತೆ ಅವರ ಮನೆಯಲ್ಲೂ ಘಟಸರ್ಪದ ಪುಸ್ತಕವಿದೆ. ಇನ್ನೂ ಮುಂದೆ ಹೋದರೆ, ಡ್ರಾಕುಲನ ವಿರುದ್ಧ ಹೋರಾಡಲೆಂದು ಸುಲ್ತಾನನೇ ಕಟ್ಟಿದ ಗುಪ್ತ ಪಡೆಯ ಸದಸ್ಯರೂ ಅವರೇ.

ಕೋಟ್ಯಂತರ ಜನರ ದೇಶ, ಸಾವಿರಾರು ಹೋಟೆಲುಗಳ ಊರು, ಅದರಲ್ಲಿ ಪಕ್ಕದ ಮೇಜು. ಬುಡಾಪೆಸ್ಟ್‌ಗೆ ಹೋದರೆ ವಿಚಾರಸಂಕಿರಣದಲ್ಲಿ ಸಿಗುವ ಇಂಗ್ಲಿಷ್ ವಿದ್ವಾಂಸ ಹ್ಯೂ ಜೇಮ್ಸ್ ಬಳಿಯೂ ಅದೇ ಪುಸ್ತಕ. ಕಮ್ಯುನಿಸ್ಟ್ ಆಡಳಿತದ ಹಂಗೆರಿಗೆ ಹೋಗಲು ಪರವಾನಗಿ ಬೇಕೇ? ಹೆಲೆನಳ ಚಿಕ್ಕಮ್ಮ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಬಲ್ಗೇರಿಯಕ್ಕೆ ಹೋದರೆ ಸ್ತೋಯಿಚೆವ್ ಎಂಬ ವೃದ್ಧ ವಿದ್ವಾಂಸ ಬೇಕಾದ ಹಸ್ತಪ್ರತಿಯೊಂದಿಗೆ ಸಿದ್ಧ. ಆಯ್ದ ವಿದ್ವಾಂಸರಿಗೆ ಡ್ರಾಕುಲನೇ ಆ ಪುಸ್ತಕ ತಲುಪಿಸುತ್ತಾನೆ ಎಂಬ ವಿವರಣೆ ಕಥೆಯಲ್ಲಿದೆ ನಿಜ. ಅದು ಪುಸ್ತಕಗಳಿಗೆ ಕಾರಣ ಕೊಡುತ್ತದೆ. ಅವನ್ನು ಪಡೆದವರೆಲ್ಲ ಪಾಲ್ ಹೋದ ದಾರಿಯಲ್ಲೇ ಎದುರಾಗುವುದಕ್ಕೆ ಕಾರಣ ಕೊಡುವುದಿಲ್ಲ.

ಇದರಿಂದ ಆಗುವ ನಷ್ಟ ನಂಬಿಕೆಯದು ಮಾತ್ರವಲ್ಲ. ರಹಸ್ಯ ಕಥೆಯ ಸುಖ ಇರುವುದು ನಾವೂ ಜೊತೆಗೆ ಹುಡುಕುವುದರಲ್ಲಿ. ಸುಳುಹು ನಮ್ಮ ಕಣ್ಣ ಮುಂದೆಯೇ ಇದ್ದು, ನಾವು ಅದನ್ನು ಕಂಡೂ ಕಾಣದೆ ಮುಂದೆ ಹೋಗಿ, ಆಮೇಲೆ ಹಣೆ ಚಚ್ಚಿಕೊಳ್ಳಬೇಕು. ಪ್ರತಿ ಊರಿನಲ್ಲೂ ಒಬ್ಬ ಸಜ್ಜನ ಕಾದಿದ್ದು ಮುಂದಿನ ಉತ್ತರವನ್ನು ಕೈಗಿಟ್ಟರೆ, ಚೌಕಾಬಾರದಲ್ಲಿ ಕವಡೆ ಬಿಡುವ ಮೊದಲೇ ಕಾಯಿ ಹಣ್ಣಾದಂತೆ. ಗೆದ್ದೆವು ಎಂಬ ಸಂತೋಷಕ್ಕೆ ಅಲ್ಲಿ ಎಡೆಯೇ ಇಲ್ಲ. ಪಾಲ್ ಮತ್ತು ಹೆಲೆನ್ ತಪ್ಪು ಊಹೆ ಮಾಡಿ, ತಪ್ಪು ದಾರಿ ಹಿಡಿದು, ಅದಕ್ಕೆ ಬೆಲೆ ತೆತ್ತು ಹಿಂದಿರುಗುವ ಪ್ರಸಂಗಗಳು ಎಷ್ಟಿವೆ ಎಂದು ಹುಡುಕಿ ನೋಡಿ; ಬಲು ಕಡಿಮೆ. ಸೋಲದ ಸಂಶೋಧಕರ ಕಥೆಯಲ್ಲಿ ಸಂಶೋಧನೆಯೇ ಇರುವುದಿಲ್ಲ.

ಸುಳುಹುಗಳ ನಡುವಿನ ಜಾಗವನ್ನು ಕಾದಂಬರಿ ತುಂಬುವುದು ಪ್ರವಾಸದ ವರ್ಣನೆಯಿಂದ. ಬೆಟ್ಟ, ಬಂದರು, ಚಹಾ, ರೊಟ್ಟಿ, ಹಳೆಯ ಬೀದಿಗಳ ಮೇಲೆ ಬೀಳುವ ಬಿಸಿಲು. ಬಿಡಿಯಾಗಿ ಓದಿದರೆ ಸೊಗಸಾದ ಬರಹ. ಆದರೆ ಗುರು ಎಲ್ಲಿದ್ದಾರೋ, ಬದುಕಿದ್ದಾರೋ ಇಲ್ಲವೋ ತಿಳಿಯದೆ ಓಡಿಬಂದ ಶಿಷ್ಯ ಇಷ್ಟು ಸಮಾಧಾನದಿಂದ ಊಟದ ರುಚಿಯನ್ನು ಬಣ್ಣಿಸುತ್ತ ಕೂತರೆ, ಅವನ ಆತಂಕವನ್ನು ನಾವು ನಂಬುವುದು ಹೇಗೆ? ವರ್ಣನೆ ಪಾತ್ರದ ಕಣ್ಣಿನಿಂದ ಬರಬೇಕು. ಹೆದರಿದವನಿಗೆ ಊರು ಬೇರೆಯಾಗಿಯೇ ಕಾಣುತ್ತದೆ.

ಇನ್ನೊಂದು ಕೊರತೆ ದನಿಗಳದು. ಕಾದಂಬರಿಯ ಬಹುಭಾಗ ಪತ್ರಗಳಲ್ಲಿದೆ. ರೊಸ್ಸಿ ಬರೆದ ಪತ್ರಗಳು, ತಂದೆ ಮಗಳಿಗೆ ಬರೆದ ಪತ್ರಗಳು, ಹೆಲೆನ್ ಬರೆದ ಕಾರ್ಡುಗಳು, ಹಳೆಯ ಸನ್ಯಾಸಿಗಳ ಪತ್ರಗಳು. ಸ್ಟೋಕರ್‌ನ ‘ಡ್ರಾಕುಲ’ ಕೂಡ ಪತ್ರ, ದಿನಚರಿಗಳ ಜೋಡಣೆಯೇ. ಕೊಸ್ಟೋವಾ ಆ ಮಾದರಿಗೆ ಗೌರವ ಸಲ್ಲಿಸಿದ್ದಾರೆ. ಆದರೆ ಸ್ಟೋಕರ್‌ನಲ್ಲಿ ಪ್ರತಿ ದಾಖಲೆಗೂ ಒಂದು ಮೈಕಟ್ಟಿದೆ. ಹಾರ್ಕರ್ ಶೀಘ್ರಲಿಪಿಯಲ್ಲಿ ಬರೆಯುತ್ತಾನೆ. ಡಾಕ್ಟರ್ ಸೀವರ್ಡ್ ಫೋನೊಗ್ರಾಫಿಗೆ ಮಾತಾಡುತ್ತಾನೆ. ವ್ಯಾನ್ ಹೆಲ್ಸಿಂಗ್‌ನ ಇಂಗ್ಲಿಷ್ ತಡವರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೀನಾ ಎಂಬ ಹೆಣ್ಣುಮಗಳು ಕೂತು ಈ ಕಾಗದಗಳನ್ನೆಲ್ಲ ಟೈಪು ಮಾಡಿ, ತೇದಿಯ ಪ್ರಕಾರ ಜೋಡಿಸುತ್ತಾಳೆ. ಜೋಡಿಸಿದಾಗಲೇ ಡ್ರಾಕುಲನ ಚಲನವಲನ ಎಲ್ಲರಿಗೂ ಕಾಣುತ್ತದೆ. ಅವನನ್ನು ಸೋಲಿಸುವ ಆಯುಧವೇ ಆ ಕಡತ. ಅದಕ್ಕೇ ಅವನು ಮೂಲ ಪ್ರತಿಗಳನ್ನು ಬೆಂಕಿಗೆ ಹಾಕುತ್ತಾನೆ.

ಕೊಸ್ಟೋವಾ ಅವರ ಕಾದಂಬರಿಯಲ್ಲಿ 1930ರ ರೊಸ್ಸಿ, 1954ರ ಪಾಲ್, 1972ರ ಹುಡುಗಿ, ಮೂವರೂ ಒಂದೇ ಹದದ, ಒಂದೇ ಸಂಭಾವಿತ ಭಾಷೆಯಲ್ಲಿ ಬರೆಯುತ್ತಾರೆ. ಅಧ್ಯಾಯದ ನಡುವೆ ಪುಟ ತೆರೆದರೆ ಮಾತಾಡುತ್ತಿರುವವರು ಯಾರೆಂದು ಗುರುತಿಸಲು ಹಿಂದಕ್ಕೆ ಹೋಗಬೇಕು. ಅವಸರದಲ್ಲಿ ಮನೆ ಬಿಟ್ಟುಹೋದ ತಂದೆ ಮಗಳಿಗೆಂದು ಇಟ್ಟುಹೋದ ಪತ್ರಗಳು ನೂರಾರು ಪುಟ ನಡೆಯುತ್ತವೆ, ಆಡಿದ ಸಂಭಾಷಣೆಗಳೆಲ್ಲ ಅಕ್ಷರಶಃ ಅದರಲ್ಲಿರುತ್ತವೆ. ಮಗಳು ರೈಲಿನಲ್ಲಿ ಕುಳಿತು ಅದನ್ನು ಓದುತ್ತಿದ್ದಾಳೆ, ಆ ಪತ್ರದೊಳಗೆ ಇನ್ನೊಂದು ಪತ್ರ, ಅದರೊಳಗೆ ಮತ್ತೊಂದು. ಅಪಾಯ ಪ್ರತಿಬಾರಿಯೂ ಎರಡು ಮೂರು ಗೋಡೆಗಳ ಆಚೆ ಉಳಿದುಬಿಡುತ್ತದೆ. ಭಯ ನಮ್ಮವರೆಗೆ ಬರುವುದೇ ಇಲ್ಲ.

ಹಾಗಾದರೆ ನಡುಭಾಗದಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ, ಅದನ್ನು ಹೇಳಲೇಬೇಕು. ಬಲ್ಗೇರಿಯದ ಭಾಗದಲ್ಲಿ ಒಂದು ಹಳ್ಳಿಯ ಹಬ್ಬ ಬರುತ್ತದೆ. ಅಲ್ಲಿ ಕೆಂಡ ಹಾಯುವ ಮುದುಕಿ ಬಾಬಾ ಯಾಂಕಾ ಹಳೆಯ ಹಾಡೊಂದನ್ನು ಹಾಡುತ್ತಾಳೆ. ಘಟಸರ್ಪ ಕಣಿವೆಗೆ ಇಳಿದು ಬಂದ ಕಥೆ ಆ ಹಾಡಿನಲ್ಲಿದೆ. ಹದಿನೈದನೆಯ ಶತಮಾನದ ಸನ್ಯಾಸಿಗಳು ಏನನ್ನೋ ಹೊತ್ತು ವಲಾಕಿಯಾದಿಂದ ದಕ್ಷಿಣಕ್ಕೆ ನಡೆದದ್ದು ಒಂದು ಕಡೆ ಪತ್ರಗಳಲ್ಲಿ ದಾಖಲಾಗಿದೆ. ಇನ್ನೊಂದು ಕಡೆ ಅಕ್ಷರ ಬಾರದ ಮುದುಕಿಯ ಬಾಯಲ್ಲಿ ಅದೇ ನೆನಪು ಬೇರೆ ವೇಷದಲ್ಲಿ ಉಳಿದಿದೆ. ಹಸ್ತಪ್ರತಿ ಮತ್ತು ಹಾಡು ಒಂದಕ್ಕೊಂದು ತಾಳೆಯಾಗುವ ಕ್ಷಣದಲ್ಲಿ ಕಾದಂಬರಿ ಮತ್ತೆ ಉಸಿರಾಡುತ್ತದೆ. ಬೆನ್ನ ಹಿಂದೆ ಸರ್ಕಾರದ ಗೂಢಚಾರ ರಾನೊವ್ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವುದರಿಂದ, ಪ್ರಶ್ನೆ ಕೇಳುವುದೇ ಅಪಾಯದ ಕೆಲಸ. ಇಲ್ಲಿಯೂ ನಡಿಗೆ ನಿಧಾನವೇ. ಆದರೆ ಯಾರಿಗೂ ಬೇಸರವಾಗುವುದಿಲ್ಲ. ಇಡೀ ಪುಸ್ತಕ ಹೀಗಿರಬಹುದಿತ್ತು ಎಂದು ಅನಿಸುವುದರಿಂದಲೇ ಉಳಿದ ಭಾಗ ನೋವು ಕೊಡುತ್ತದೆ.

ಇನ್ನು ಕೊನೆ. ರೊಸ್ಸಿಯವರನ್ನು ಡ್ರಾಕುಲ ಎಳೆದೊಯ್ದದ್ದು ಏಕೆ? ನೆಲದಡಿಯಲ್ಲಿ ಅವನ ದೊಡ್ಡ ಗ್ರಂಥಾಲಯವಿದೆ. ಮನುಷ್ಯನ ಕ್ರೌರ್ಯದ ಬಗ್ಗೆ ಶತಮಾನಗಳಿಂದ ಅವನು ಕೂಡಿಟ್ಟ ಪುಸ್ತಕಗಳು ಅಲ್ಲಿವೆ. ಅವುಗಳ ಪಟ್ಟಿ ಮಾಡಲು ಅವನಿಗೊಬ್ಬ ವಿದ್ವಾಂಸ ಬೇಕು. ಅದಕ್ಕಾಗಿಯೇ ಪುಸ್ತಕ ಹಂಚಿ, ಹೆದರಿಸಿ, ಹೆದರದೆ ಹುಡುಕುವವರನ್ನು ಆರಿಸುತ್ತ ಬಂದಿದ್ದಾನೆ. ಹಲವರಿಗೆ ಇದು ಹಾಸ್ಯಾಸ್ಪದವೆನಿಸಿತು. ನನಗೆ ಹಾಗನಿಸುವುದಿಲ್ಲ. ಹಿಂಸೆಗೆ ಸಾವಿಲ್ಲ, ಅದಕ್ಕೆ ಜ್ಞಾಪಕಶಕ್ತಿ ಇದೆ, ತನ್ನನ್ನು ಕಾಪಾಡಿಕೊಳ್ಳಲು ಅದು ಓದಿದವರನ್ನೇ ಕೆಲಸಕ್ಕಿಟ್ಟುಕೊಳ್ಳುತ್ತದೆ. ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿಗಳನ್ನು ಕಂಡ ಯುರೋಪಿನಲ್ಲಿ ಈ ವಿಚಾರಕ್ಕೆ ಭಾರವಿದೆ. ವಿದ್ವಾಂಸರು ಯಾರ ಸೇವೆಯಲ್ಲಿದ್ದಾರೆ ಎಂಬ ಪ್ರಶ್ನೆ ಎಲ್ಲ ದೇಶದಲ್ಲೂ ಕೇಳಬೇಕಾದದ್ದು.

ಆದರೆ ಈ ವಿಚಾರ ಬರುವುದು ಪುಸ್ತಕ ಮುಗಿಯುವ ಹೊತ್ತಿಗೆ, ಅದೂ ರೊಸ್ಸಿಯವರ ಇನ್ನೊಂದು ಪತ್ರದಲ್ಲಿ. ಬಂದಷ್ಟೇ ಬೇಗ ಹೊರಟುಹೋಗುತ್ತದೆ. ಪಾಲ್ ಆ ಆಮಿಷಕ್ಕೆ ಒಳಗಾಗುವುದೇ ಇಲ್ಲ. ಅಂಥ ಗ್ರಂಥಾಲಯ ಎದುರಿಗಿದ್ದರೆ ಚರಿತ್ರೆಕಾರನೊಬ್ಬನ ಮನಸ್ಸು ಒಂದು ಗಳಿಗೆಯಾದರೂ ಓಲಾಡಬೇಡವೇ? ಆ ಓಲಾಟವೇ ಕಾದಂಬರಿಯ ಹೃದಯವಾಗಬೇಕಿತ್ತು. ಅದರ ಬದಲು ಫ್ರಾನ್ಸಿನ ಪಿರಿನೀಸ್ ಬೆಟ್ಟಗಳ ಮಠವೊಂದರಲ್ಲಿ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಸತ್ತಳೆಂದುಕೊಂಡಿದ್ದ ಹೆಲೆನ್ ಬರುತ್ತಾಳೆ. ಒಂದು ಬೆಳ್ಳಿಯ ಗುಂಡು ಹಾರುತ್ತದೆ. ಐದು ಶತಮಾನ ಬದುಕಿದವನು ಕ್ಷಣದಲ್ಲಿ ಬೂದಿಯಾಗುತ್ತಾನೆ. 600 ಪುಟ ತಾಳ್ಮೆಯಿಂದ ಓದಿಬಂದವರಿಗೆ ಸಿಗುವುದು ಅಷ್ಟೇ. ಇಡೀ ಹುಡುಕಾಟದಲ್ಲಿ ಕಲಿತ ಯಾವ ಚರಿತ್ರೆಯೂ ಆ ಗುಂಡಿಗೆ ಅಗತ್ಯವಿರಲಿಲ್ಲ. ಉಪಸಂಹಾರದಲ್ಲಿ ಘಟಸರ್ಪದ ಪುಸ್ತಕ ಮತ್ತೆ ಕಾಣಿಸಿಕೊಂಡು, ಆ ಸಾವೂ ಖಚಿತವಲ್ಲ ಎನ್ನುತ್ತದೆ.

ನಿಜವಾದ ವ್ಲಾದ್‌ನ ಕಥೆಯಲ್ಲಿ ಇದಕ್ಕಿಂತ ದೊಡ್ಡ ದುರಂತವಿದೆ. ಒತ್ತೆಯಾಳುಗಳಾಗಿ ಹೋದ ಅಣ್ಣತಮ್ಮಂದಿರಲ್ಲಿ ಅಣ್ಣ ಸುಲ್ತಾನನ ಕಡುವೈರಿಯಾದ. ತಮ್ಮ ರಾದು ಸುಲ್ತಾನನಿಗೆ ಆಪ್ತನಾದ. 1462ರಲ್ಲಿ ಅಣ್ಣನನ್ನು ಇಳಿಸಿ ಸಿಂಹಾಸನ ಏರಿದವನು ಆ ತಮ್ಮನೇ. ಒಂದೇ ಬಾಲ್ಯ ಇಬ್ಬರನ್ನು ಎರಡು ದಿಕ್ಕಿಗೆ ಒಯ್ದದ್ದು ಹೇಗೆ? ಕ್ರೌರ್ಯ ಹುಟ್ಟುವುದು ಎಲ್ಲಿ? ಗೋರಿ ಎಲ್ಲಿದೆ ಎಂಬ ಪ್ರಶ್ನೆಯ ಹಿಂದೆ ಈ ಪ್ರಶ್ನೆ ಇದ್ದಿದ್ದರೆ, ಗೋರಿ ಸಿಕ್ಕಾಗ ನಮಗೂ ಏನೋ ಸಿಗುತ್ತಿತ್ತು. ಶೂಲಕ್ಕೇರಿದ ಸಾವಿರಾರು ಜನ ರೈತರು, ವರ್ತಕರು, ಸೈನಿಕರು. ಅವರ ಪರವಾಗಿ ಮಾತಾಡುವ ಒಂದು ದಾಖಲೆ, ಒಂದು ದನಿ ಕಾದಂಬರಿಯ ನಡುವೆ ನಿಲ್ಲಬೇಕಿತ್ತು.

ಹಳೆಯ ಗ್ರಂಥವೊಂದು ಕಥೆಯೊಳಗೆ ನಿಜವಾಗಿ ಕೆಲಸ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆ ಇದೆ: ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಮಲೆನಾಡಿನ ಏಲಕ್ಕಿ ಬೆಳೆಗಾರ ದಂಪತಿ ಸುರೇಶ ಮತ್ತು ಗೌರಿ, ಅವರ ಕೈಗೆ ಬರುವ ಹಳೆಯ ಕಾವ್ಯ, ಅದರಲ್ಲಿ ಅಡಗಿದ ರತ್ನದ ಜಾಡು. ಆ ಕಾವ್ಯವನ್ನು ಅರ್ಥ ಮಾಡಿಕೊಳ್ಳುವುದಕ್ಕೂ, ಅವರು ಬದುಕಿ ಮನೆ ಸೇರುವುದಕ್ಕೂ ನೇರ ಸಂಬಂಧವಿದೆ. ಕಾವ್ಯದ ಒಗಟು ಬಿಡಿಸುತ್ತಿರುವಾಗಲೇ ಬೆನ್ನ ಹಿಂದೆ ಹಂತಕರಿದ್ದಾರೆ. ಅಲ್ಲಿ ಚರಿತ್ರೆ ಕಥೆಗೆ ಹಾಕಿದ ಅಲಂಕಾರವಾಗಿಲ್ಲ. ಅದನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ.

ನಮ್ಮಲ್ಲಿ ಈ ಬಗೆಯ ಕಾದಂಬರಿ ಬರೆಯಬೇಕೆನ್ನುವ ಹೊಸಬರು ಅನೇಕರಿದ್ದಾರೆ. ಅವರಿಗೆ ಸಾಮಗ್ರಿಯ ಬಡತನವಿಲ್ಲ. ಬಿ. ಎಲ್. ರೈಸ್ ಕಾಲದಿಂದ ಸಂಗ್ರಹವಾದ ಶಾಸನಗಳಿವೆ, ಮೆಕೆಂಜಿ ಬರೆಸಿದ ಕೈಫಿಯತ್ತುಗಳಿವೆ, ಮಠಗಳ ಕಡತಗಳಿವೆ, ಮೋಡಿ ಲಿಪಿಯ ಕಾಗದಗಳಿವೆ. ಇವನ್ನು ಓದಿದವರಿಗೆ ಓದಿದ್ದೆಲ್ಲವನ್ನೂ ಪುಟದ ಮೇಲೆ ಸುರಿಯುವ ಆಸೆ ಹುಟ್ಟುತ್ತದೆ. ‘ದಿ ಹಿಸ್ಟೋರಿಯನ್’ ಅಂಥವರು ಓದಲೇಬೇಕಾದ ಪುಸ್ತಕ. ಹತ್ತು ವರ್ಷದ ಶ್ರದ್ಧೆ, ವಿಷಯದ ಮೇಲೆ ಪ್ರೀತಿ, ಸುಂದರವಾದ ಗದ್ಯ, ಎಲ್ಲ ಇದ್ದೂ ಒಂದು ಕಾದಂಬರಿ ಹೇಗೆ ನಿಂತುಬಿಡುತ್ತದೆ ಎಂಬುದನ್ನು ಅದು ಪುಟಪುಟದಲ್ಲಿ ತೋರಿಸುತ್ತದೆ. ಬರೆಯುವವರು ಪ್ರತಿ ದಾಖಲೆಯನ್ನೂ ಕೇಳಬೇಕು: ನೀನು ಬಂದದ್ದರಿಂದ ಯಾರ ಮೇಲಿನ ಅನುಮಾನ ಬದಲಾಯಿತು? ಯಾರಿಗೆ ಅಪಾಯವಾಯಿತು? ಯಾರು ತಪ್ಪು ಹೆಜ್ಜೆ ಇಟ್ಟರು? ಉತ್ತರವಿಲ್ಲದ ದಾಖಲೆ ಎಷ್ಟೇ ಅಪರೂಪದ್ದಾದರೂ ಅದರ ಜಾಗ ಕಾದಂಬರಿಯಲ್ಲಿ ಇಲ್ಲ.

ಓದುಗರಿಗೂ ಒಂದು ಮಾತು. ಟೇ ಅವರ ಪುಸ್ತಕದಿಂದ ಶುರು ಮಾಡಿ. ಅದು ಚಿಕ್ಕದು, ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ಆಮೇಲೆ ಇಕೋ ಅವರ ಮಠಕ್ಕೆ ಹೋಗಿ, ಮೊದಲ ನೂರು ಪುಟ ತಾಳಿಕೊಳ್ಳಿ. ಕೊಸ್ಟೋವಾ ಅವರದನ್ನು ಅನಂತರ ಓದಿದರೆ ಅದರ ಒಳಿತೂ ಕೊರತೆಯೂ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ನಿಧಾನವಾದ ಪುಸ್ತಕವನ್ನು ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಬದಿಗಿಡಬೇಡಿ. ಆದರೆ ನಿಮ್ಮ ತಾಳ್ಮೆಗೆ ಅದು ಏನು ಕೊಟ್ಟಿತು ಎಂದು ಕೇಳುವ ಹಕ್ಕನ್ನೂ ಬಿಟ್ಟುಕೊಡಬೇಡಿ. ಓದುಗರು ಆ ಲೆಕ್ಕ ಕೇಳುವ ಕಡೆ ಬರಹಗಾರರು ಎಚ್ಚರದಿಂದ ಬರೆಯುತ್ತಾರೆ, ಅಲ್ಲಿ ಒಳ್ಳೆಯ ಕಾದಂಬರಿಗಳು ಹುಟ್ಟುತ್ತವೆ.